ಎಎಸಿ ಬ್ಲಾಕಿನಲ್ಲಿ ತಂಪಾದ ಮನೆ: ಪ್ಲಿಂತ್‌ನಿಂದ ಪೇಂಟಿನವರೆಗೆ

ಮೇ ತಿಂಗಳಲ್ಲಿ ಸಂಜೆ ಏಳು ಗಂಟೆಗೆ ಪಶ್ಚಿಮದ ಗೋಡೆಯ ಒಳಮೈಗೆ ಅಂಗೈ ಒತ್ತಿ ನೋಡಿ. ಆರಿಂಚಿನ ಸಾಲಿಡ್ ಬ್ಲಾಕಿನ ಮನೆಯಾದರೆ ಕೈಗೆ ಬಿಸಿ ತಟ್ಟುತ್ತದೆ. ಹೊರಗೆ ಸೂರ್ಯ ಮುಳುಗಿದರೂ ಗೋಡೆ ಕುಡಿದ ಬಿಸಿಲು ಮಲಗುವ ಹೊತ್ತಿನವರೆಗೂ ಕೋಣೆಯೊಳಗೆ ಇಳಿಯುತ್ತಲೇ ಇರುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಬಿಸಿಯನ್ನು ಗೋಡೆಯಲ್ಲೇ ತಡೆಯಲು ನಮ್ಮಲ್ಲಿ ಸುಲಭವಾಗಿ ಸಿಗುವ ಸಾಮಗ್ರಿ ಎಎಸಿ (ಆಟೋಕ್ಲೇವ್ಡ್ ಏರೇಟೆಡ್ ಕಾಂಕ್ರೀಟ್) ಬ್ಲಾಕ್. ಹಗುರವಾದ, ನೀಟಾಗಿ ಕತ್ತರಿಸಿದ ಬಿಳಿ-ಬೂದು ಬಣ್ಣದ ಬ್ಲಾಕು ಅದು.

ಆದರೆ ಎಎಸಿ ಗೋಡೆ ಬಿರುಕು ಬಿಟ್ಟಿದೆ, ಪ್ಲಾಸ್ಟರ್ ಟೊಳ್ಳಾಗಿದೆ, ಮಳೆಗೆ ನೀರು ಎಳೆಯುತ್ತದೆ ಎಂಬ ದೂರುಗಳೂ ಅಷ್ಟೇ ಇವೆ. ಬಹುಪಾಲು ದೂರಿನ ಮೂಲ ಒಂದೇ: ಹೊಸ ಸಾಮಗ್ರಿಯನ್ನು ಹಳೆಯ ಇಟ್ಟಿಗೆಯ ಕೈಯಲ್ಲಿ ಕಟ್ಟುವುದು. ಇಟ್ಟಿಗೆಗೆ ಸರಿಯಾದ ನೀರು, ಗಾರೆ, ಮೊಳೆ, ಉಳಿ-ಸುತ್ತಿಗೆ ಎಲ್ಲವೂ ಇದಕ್ಕೆ ತಪ್ಪು.

ಬ್ಲಾಕಿನ ಒಳಗೇನಿದೆ

1920ರ ದಶಕದಲ್ಲಿ ಸ್ವೀಡನ್ನಿನ ವಾಸ್ತುಶಿಲ್ಪಿ ಯೋಹಾನ್ ಆಕ್ಸೆಲ್ ಎರಿಕ್ಸನ್ ರೂಪಿಸಿದ ವಿಧಾನ ಇದು. ನಮ್ಮಲ್ಲಿ ಹಾರುಬೂದಿ, ಸಿಮೆಂಟು, ಸುಣ್ಣ, ಸ್ವಲ್ಪ ಜಿಪ್ಸಮ್ ಕಲಸಿ ಚಿಟಿಕೆಯಷ್ಟು ಅಲ್ಯೂಮಿನಿಯಂ ಪುಡಿ ಸೇರಿಸುತ್ತಾರೆ. ಅಲ್ಯೂಮಿನಿಯಂ ಸುಣ್ಣದೊಂದಿಗೆ ಸೇರಿ ಹೈಡ್ರೋಜನ್ ಬಿಡುತ್ತದೆ, ಮಿಶ್ರಣ ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. ಅರೆಗಟ್ಟಿಯಾದ ಗಡ್ಡೆಯನ್ನು ತಂತಿಯಿಂದ ಕೊಯ್ದು, 180ರಿಂದ 200 ಡಿಗ್ರಿಯ ಒತ್ತಡದ ಹಬೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಒಳಗೆ ಉಳಿಯುವ ಕೋಟ್ಯಂತರ ಗಾಳಿಗುಳ್ಳೆಗಳೇ ಶಾಖವನ್ನು ತಡೆಯುವುದು.

ಎಷ್ಟು ತಡೆಯುತ್ತದೆ? ಎಂಟಿಂಚಿನ ಎಎಸಿ ಗೋಡೆಗೆ ಎರಡೂ ಕಡೆ ಪ್ಲಾಸ್ಟರ್ ಸೇರಿಸಿ ಲೆಕ್ಕ ಹಾಕಿದರೆ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚದರ ಮೀಟರಿಗೆ ಸುಮಾರು 0.85 ವ್ಯಾಟ್ ಶಾಖ ಹಾಯುತ್ತದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆಯಲ್ಲಿ ಅದು 2ರ ಹತ್ತಿರ, ಎಂಟಿಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕಿನಲ್ಲಿ 2.8ರ ಹತ್ತಿರ. ಅಂದರೆ ಸಾಲಿಡ್ ಬ್ಲಾಕಿನ ಮೂರನೇ ಒಂದು ಪಾಲು. ದುಡ್ಡು ಉಳಿಸಲು ಹೊರಗೋಡೆಯನ್ನು ಆರಿಂಚಿಗೆ ಇಳಿಸುವವರಿದ್ದಾರೆ. ಬಯಲುಸೀಮೆಯ ಬಿಸಿಲಿಗೆ ಅದು ಬೇಡ. ಹೊರಗೆ ಎಂಟು, ಒಳಗೆ ನಾಲ್ಕು ಎಂದಿಟ್ಟುಕೊಳ್ಳಿ.

ನಕ್ಷೆಯ ಹಂತದಲ್ಲೇ ಹೇಳಬೇಕಾದ್ದು

ಬ್ಲಾಕು ಯಾವುದೆಂದು ಪಿಲ್ಲರ್ ಎದ್ದ ಮೇಲೆ ತೀರ್ಮಾನಿಸುವುದು ನಷ್ಟದ ಬಾಬತ್ತು. ಎಂಟಿಂಚಿನ ಎಎಸಿ ಗೋಡೆ ಚದರ ಮೀಟರಿಗೆ 130 ಕೆಜಿ ಆಸುಪಾಸು ತೂಗುತ್ತದೆ, ಸಾಲಿಡ್ ಬ್ಲಾಕಿನದು 400 ಕೆಜಿ ದಾಟುತ್ತದೆ. ಈ ವ್ಯತ್ಯಾಸ ಎಂಜಿನಿಯರಿಗೆ ಮೊದಲೇ ಗೊತ್ತಿದ್ದರೆ ಬೀಮು, ಪಾಯ, ಕಬ್ಬಿಣದ ಲೆಕ್ಕ ಇಳಿಯುತ್ತದೆ. ತಡವಾಗಿ ಹೇಳಿದರೆ ಅಷ್ಟೂ ಕಬ್ಬಿಣ ಆಗಲೇ ಕಾಂಕ್ರೀಟಿನೊಳಗೆ ಹೋಗಿರುತ್ತದೆ. ಹಾಗೆಯೇ ಇಲ್ಲಿ ಭಾರ ಹೊರುವುದು ಆರ್‌ಸಿಸಿ ಪಿಲ್ಲರ್-ಬೀಮಿನ ಚೌಕಟ್ಟು, ಬ್ಲಾಕು ಬರೀ ತುಂಬುಗೋಡೆ. ಪಿಲ್ಲರ್ ಇಲ್ಲದೆ ಎಎಸಿ ಗೋಡೆಯ ಮೇಲೇ ಸ್ಲ್ಯಾಬ್ ಕೂರಿಸುವ ಆಲೋಚನೆ ಇದ್ದರೆ, ಅದಕ್ಕೆ ಪ್ರತ್ಯೇಕ ವಿನ್ಯಾಸ ಆಗದೆ ಬ್ಲಾಕಿನ ಒಂದು ವರಸೆಯನ್ನೂ, ಅಂದರೆ ಒಂದು ಸಾಲನ್ನೂ, ಇಡಬೇಡಿ.

ಇನ್ನೊಂದು ಮಾತು. ಒಂದೇ ಅಂತಸ್ತಿನ ಮನೆಗೆ ಹೆಚ್ಚು ಬಿಸಿ ಬರುವುದು ತಾರಸಿಯಿಂದ. ಗೋಡೆಗೆಲ್ಲ ಎಎಸಿ ಹಾಕಿ ಐದಿಂಚಿನ ಬರೀ ಸ್ಲ್ಯಾಬನ್ನು ಬಿಸಿಲಿಗೆ ಬಿಟ್ಟರೆ ಕೊಟ್ಟ ದುಡ್ಡಿನ ಅರ್ಧ ಫಲವೂ ಸಿಗುವುದಿಲ್ಲ. ತಾರಸಿಯ ಲೆಕ್ಕವನ್ನೂ ಬಜೆಟ್ಟಿನಲ್ಲಿ ಈಗಲೇ ಸೇರಿಸಿ. ವಿಧಾನ ಕೊನೆಯಲ್ಲಿದೆ.

ಎಷ್ಟು ಬ್ಲಾಕು ಬೇಕು

30×40ರ ಸೈಟಿನಲ್ಲಿ 24×32 ಅಡಿಯ ಮನೆ ಎಂದುಕೊಳ್ಳೋಣ. ಹೊರಗೋಡೆಯ ಸುತ್ತಳತೆ 112 ಅಡಿ. ಎಂಟು ಪಿಲ್ಲರ್‌ಗಳ ಅಗಲ ಆರು ಅಡಿ ಕಳೆದರೆ 106. ನೆಲದಿಂದ ಸ್ಲ್ಯಾಬಿಗೆ ಹತ್ತಡಿ, ಅದರಲ್ಲಿ ಬೀಮು ಒಂದೂಕಾಲು ಅಡಿ. ಗೋಡೆಗೆ ಉಳಿಯುವ ಎತ್ತರ ಎಂಟೂಮುಕ್ಕಾಲು ಅಡಿ. ಒಟ್ಟು 927 ಚದರ ಅಡಿಯಲ್ಲಿ ಬಾಗಿಲು-ಕಿಟಕಿಗೆ 155 ಕಳೆದರೆ 772 ಚದರ ಅಡಿ, ಅಂದರೆ ಸುಮಾರು 72 ಚದರ ಮೀಟರ್.

600×200×200 ಮಿ.ಮೀ. ಬ್ಲಾಕು ಚದರ ಮೀಟರಿಗೆ ಎಂಟಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಆದ್ದರಿಂದ 590ರ ಹತ್ತಿರ. ಕಿಟಕಿಯ ಕೆಳಗೆ ಮತ್ತು ಮೇಲೆ ಬರುವ ಕಾಂಕ್ರೀಟ್ ಪಟ್ಟಿಗಳು (ಸಿಲ್ ಮತ್ತು ಲಿಂಟಲ್) ತಿನ್ನುವ ಜಾಗವನ್ನು ಇದರಲ್ಲಿ ಕಳೆಯಬೇಡಿ, ಒಡಕು-ತುಂಡಿಗೆ ಅದು ಸರಿಹೋಗುತ್ತದೆ. 600 ಬ್ಲಾಕು ತರಿಸಿದರೆ ಸಾಕು. ಘನ ಮೀಟರ್ ಲೆಕ್ಕದಲ್ಲಿ ದರ ಹೇಳಿದರೆ 8 ಇಂಚಿನದು ಒಂದು ಘನ ಮೀಟರಿಗೆ 41ರಿಂದ 42, ಆರಿಂಚಿನದು 55, ನಾಲ್ಕಿಂಚಿನದು 83 ಬರಬೇಕು. ಲೋಡು ಇಳಿಸುವಾಗ ಎಣಿಸಿ.

ಜೋಡಿಸುವ ಅಂಟುಗಾರೆ, ಅಂದರೆ ಬ್ಲಾಕ್ ಜಾಯಿಂಟಿಂಗ್ ಮಾರ್ಟರ್, 3 ಮಿ.ಮೀ. ದಪ್ಪಕ್ಕೆ ಎಂಟಿಂಚಿನ ಗೋಡೆಯ ಚದರ ಮೀಟರಿಗೆ 6ರಿಂದ 7 ಕೆಜಿ ಹಿಡಿಯುತ್ತದೆ. 40 ಕೆಜಿ ಚೀಲಕ್ಕೆ 60-65 ಚದರ ಅಡಿ ಎಂದು ಹಿಡಿದರೆ ಈ ಮನೆಯ ಹೊರಗೋಡೆಗೆ 13 ಚೀಲ. ಚೀಲದ ಮೇಲೆ ಇದಕ್ಕಿಂತ ಹೆಚ್ಚು ಬರೆದಿದ್ದರೆ, ನಿಂತ ಜಾಯಿಂಟುಗಳನ್ನು ಅರ್ಧಂಬರ್ಧ ತುಂಬುವ ಲೆಕ್ಕ ಅದು ಎಂದು ತಿಳಿಯಿರಿ.

ಬ್ಲಾಕು ಕೊಳ್ಳುವಾಗ

ಭಾರತೀಯ ಮಾನಕ ಐಎಸ್ 2185ರ ಮೂರನೇ ಭಾಗದ ಪ್ರಕಾರ, ಘನ ಮೀಟರಿಗೆ 551ರಿಂದ 650 ಕೆಜಿ ಸಾಂದ್ರತೆಯ ಬ್ಲಾಕಿನ ಮೊದಲ ದರ್ಜೆ ಚದರ ಮಿ.ಮೀ.ಗೆ 4 ನ್ಯೂಟನ್, ಎರಡನೇ ದರ್ಜೆ 3 ನ್ಯೂಟನ್ ಭಾರ ತಾಳಬೇಕು. ಮೊದಲ ದರ್ಜೆಯ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಎಎಸಿ ಎಂದು ಹೇಳಿ ಸಿಎಲ್‌ಸಿ ಬ್ಲಾಕು ಕೊಡುವುದುಂಟು. ನೊರೆ ಬೆರೆಸಿ ಅಚ್ಚಿನಲ್ಲಿ ಹೊಯ್ದ ಬ್ಲಾಕು ಅದು, ಹಬೆಯಲ್ಲಿ ಬೆಂದಿರುವುದಿಲ್ಲ. ಒಣಗುವಾಗ ಹೆಚ್ಚು ಕುಗ್ಗುತ್ತದೆ.

ಎಂಟಿಂಚಿನ ಎಎಸಿ ಬ್ಲಾಕು ಪೂರ್ತಿ ಒಣಗಿದಾಗ 13ರಿಂದ 15.5 ಕೆಜಿ ತೂಗಬೇಕು. ಫ್ಯಾಕ್ಟರಿಯಿಂದ ಬಿಸಿಬಿಸಿಯಾಗಿ ಬಂದದ್ದು 18 ಕೆಜಿ ದಾಟಬಹುದು. ಆ ಹೆಚ್ಚಿನದೆಲ್ಲ ನೀರು. ಆ ನೀರು ಗೋಡೆಯಾದ ಮೇಲೆ ಆರಿದರೆ ಗೋಡೆ ಕುಗ್ಗುತ್ತದೆ, ಜಾಯಿಂಟ್ ಗುಂಟ ಮೆಟ್ಟಿಲಿನಂತೆ ಬಿರುಕು ಏಳುತ್ತದೆ. ಪರೀಕ್ಷೆ ಸುಲಭ: ರಾಶಿಯ ನಡುವಿನಿಂದ ಮೂರು ಬ್ಲಾಕು ತೆಗೆದು ನಂಬರ್ ಬರೆದು ಅಂಗಡಿಯ ತಕ್ಕಡಿಯಲ್ಲಿ ತೂಗಿ ಮತ್ತೆ ಅಲ್ಲೇ ಇಡಿ. ಒಂದು ವಾರ ಬಿಟ್ಟು ತೂಗಿ. ಇನ್ನೂ ಅರ್ಧ ಕೆಜಿ, ಒಂದು ಕೆಜಿ ಇಳಿಯುತ್ತಿದ್ದರೆ ಕಾಯಬೇಕು. ತೂಕ ನಿಂತ ಮೇಲೆ ಕಟ್ಟಿ. ಸಾಮಾನ್ಯವಾಗಿ ಎರಡು-ಮೂರು ವಾರ ಹಿಡಿಯುತ್ತದೆ.

ರಾಶಿಯನ್ನು ನೆಲಕ್ಕೆ ತಾಗಿಸದೆ ಮರದ ಪಟ್ಟಿಯ ಮೇಲೆ ಇಟ್ಟು ಮೇಲ್ಭಾಗಕ್ಕೆ ಟಾರ್ಪಾಲು ಹೊದಿಸಿ. ಪಕ್ಕಗಳು ಗಾಳಿಗೆ ತೆರೆದಿರಲಿ. ಟ್ರ್ಯಾಕ್ಟರ್ ಟ್ರಾಲಿ ಎತ್ತಿ ಸುರಿಸಿದರೆ ಮೂಲೆಗಳೆಲ್ಲ ಮುರಿಯುತ್ತವೆ, ಕೈಯಿಂದ ಇಳಿಸುವ ಕೂಲಿಗೆ ಜಿಪುಣತನ ಬೇಡ.

ಗೋಡೆ ಕಟ್ಟುವುದು

ಪ್ಲಿಂತ್ ಕೆಳಗೆ, ಅಂದರೆ ಮನೆಯ ನೆಲಮಟ್ಟದ ಕೆಳಗೆ, ಎಎಸಿ ಬೇಡವೇ ಬೇಡ. ಅಲ್ಲಿ ಸೈಜುಗಲ್ಲು ಅಥವಾ ಸಾಲಿಡ್ ಬ್ಲಾಕು. ಪ್ಲಿಂತ್ ಬೀಮಿನ ಮೇಲ್ಮೈಗೆ ವಾಟರ್‌ಪ್ರೂಫ್ ಕೋಟಿಂಗ್ ಬಳಿದು ಒಣಗಿಸಿ. ನೆಲದ ತೇವ ಬ್ಲಾಕಿಗೆ ಏರಿದರೆ ಪೇಂಟ್ ಪುಡಿಯಾಗಿ ಉದುರುತ್ತದೆ, ಆಮೇಲೆ ಏನು ಬಳಿದರೂ ನಿಲ್ಲದು. ಬಚ್ಚಲುಮನೆಯ ಗೋಡೆಯ ಕೆಳಗಿನ ಒಂದಡಿಯನ್ನು, ಕಾಂಪೌಂಡನ್ನು, ತಾರಸಿಯ ಪ್ಯಾರಪೆಟ್ಟನ್ನು ಸಾಲಿಡ್ ಬ್ಲಾಕಿನಲ್ಲೇ ಮಾಡಿ.

ಕೆಲಸ ಶುರುವಾಗುವ ಮೊದಲು ಒಂದು ಅಳತೆ ಕೋಲು ಮಾಡಿಸಿ. ನೇರವಾದ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಪ್ರತಿ ವರಸೆಯ ಗುರುತು ಹಾಕುವುದು. ನಮ್ಮ ಉದಾಹರಣೆಯಲ್ಲಿ ಗೋಡೆಯ ಎತ್ತರ 2667 ಮಿ.ಮೀ. ಹನ್ನೆರಡು ವರಸೆ ಬ್ಲಾಕು 2400, ತೆಳು ಜಾಯಿಂಟುಗಳೆಲ್ಲ ಸೇರಿ 30, ಮೊದಲ ವರಸೆಯ ಕೆಳಗಿನ ಗಾರೆ 18, ಸಿಲ್ ಪಟ್ಟಿ 75, ಲಿಂಟಲ್ ಪಟ್ಟಿ 125. ಕೂಡಿದರೆ 2648. ಬೀಮಿನ ಕೆಳಗೆ 19 ಮಿ.ಮೀ. ಸಂದು ಉಳಿಯುತ್ತದೆ, ಅದು ಬೇಕೇ ಬೇಕು. ಹೀಗೆ ಮೊದಲೇ ಕೂಡಿ ನೋಡದಿದ್ದರೆ ಕೊನೆಯ ವರಸೆಗೆ ಎರಡಿಂಚಿನ ಚೂರುಗಳನ್ನು ತುರುಕಬೇಕಾಗುತ್ತದೆ.

ಮೊದಲ ವರಸೆಗೆ ಮಾತ್ರ 1:4 ಸಿಮೆಂಟು ಗಾರೆ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು), 15ರಿಂದ 20 ಮಿ.ಮೀ. ಬೀಮಿನ ಏರುತಗ್ಗನ್ನೆಲ್ಲ ಇಲ್ಲೇ ನುಂಗಬೇಕು. ಮೂಲೆಗಳಿಂದ ಹೊರಟು ದಾರ ಕಟ್ಟಿ, ಪ್ರತಿ ಬ್ಲಾಕಿಗೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ರಸಮಟ್ಟ ಇಟ್ಟು, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿ. ಒಳ್ಳೆಯ ಮೇಸ್ತ್ರಿ ಈ ಒಂದು ವರಸೆಗೆ ಇಡೀ ದಿನ ತೆಗೆದುಕೊಂಡರೂ ತಡೆಯಬೇಡಿ. ಮೇಲಿನ ಜಾಯಿಂಟು ಮೂರೇ ಮಿ.ಮೀ. ಇರುವುದರಿಂದ ಇಲ್ಲಿನ ತಪ್ಪನ್ನು ಮುಂದೆ ಎಲ್ಲೂ ಸರಿಪಡಿಸಲಾಗದು.

ಎರಡನೇ ವರಸೆಯಿಂದ ಅಂಟುಗಾರೆ. 40 ಕೆಜಿ ಚೀಲಕ್ಕೆ 10ರಿಂದ 12 ಲೀಟರ್ ನೀರು. ಮೊದಲು ಬಕೆಟ್ಟಿಗೆ ನೀರು, ಆಮೇಲೆ ಪುಡಿ. ಡ್ರಿಲ್‌ಗೆ ಪ್ಯಾಡಲ್ ಸಿಕ್ಕಿಸಿ ಕಲಸಿ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ತಿರುವಿ. ಬಳಿಯಲು ಹಲ್ಲಿನ ಕರಣೆ ಬೇಕು. ಹದ ಸರಿಯಿದ್ದರೆ ಬಾಚಿದ ಕೂದಲಿನಂತೆ ಗೆರೆಗಳು ಎದ್ದು ನಿಲ್ಲುತ್ತವೆ. ಗೆರೆ ಹರಿದು ಕೂಡಿಕೊಂಡರೆ ನೀರು ಹೆಚ್ಚಾಗಿದೆ, ಪುಡಿಪುಡಿಯಾಗಿ ಒಡೆದರೆ ಕಡಿಮೆ. ಒಂದೂವರೆ ಗಂಟೆಯೊಳಗೆ ಮುಗಿಯುವಷ್ಟೇ ಕಲಸಿ. ಗಟ್ಟಿಯಾದದ್ದಕ್ಕೆ ಮತ್ತೆ ನೀರು ಹಾಕಿ ಬಳಸುವಂತಿಲ್ಲ.

ಬ್ಲಾಕಿನ ಮೇಲಿನ ಧೂಳನ್ನು ಬ್ರಶ್ಶಿನಲ್ಲಿ ಗುಡಿಸಿ, ತುಸು ನೀರು ಚಿಮುಕಿಸಿ. ಇಟ್ಟಿಗೆಯಂತೆ ತೊಟ್ಟಿಯಲ್ಲಿ ನೆನೆಸಬಾರದು. ಅಡ್ಡ ಮತ್ತು ನಿಂತ ಜಾಯಿಂಟು ಎರಡನ್ನೂ ಪೂರ್ತಿ ತುಂಬಬೇಕು. ಕೆಳಗಿನ ಜಾಯಿಂಟಿಗೂ ಮೇಲಿನದಕ್ಕೂ ಕನಿಷ್ಠ 200 ಮಿ.ಮೀ. ಅಂತರ ಬರುವಂತೆ ಕೈಗರಗಸದಿಂದ ಬ್ಲಾಕು ಕತ್ತರಿಸಿ. ದಿನಕ್ಕೆ ಐದಡಿಗಿಂತ ಮೇಲೆ ಏರಿಸಬೇಡಿ. ಅಂಟುಗಾರೆಯ ಗೋಡೆಗೆ ಕ್ಯೂರಿಂಗ್ ಬೇಕಿಲ್ಲ. ಅಭ್ಯಾಸಬಲದಿಂದ ದಿನಾ ಪೈಪು ಹಿಡಿಯುವವರನ್ನು ತಡೆಯುವುದೇ ಒಂದು ಕೆಲಸ.

ಪಿಲ್ಲರಿಗೂ ಗೋಡೆಗೂ ಸಂಬಂಧ ಕಟ್ಟುವಲ್ಲಿ ಹೆಚ್ಚಿನವರು ಎಡವುತ್ತಾರೆ. ಇಟ್ಟಿಗೆ ಗೋಡೆಯಲ್ಲಿ ಆರು ಮಿ.ಮೀ. ಕಂಬಿಯನ್ನು ಗಾರೆಯಲ್ಲೇ ಹುದುಗಿಸುತ್ತಾರೆ. ಇಲ್ಲಿ ಜಾಯಿಂಟು ಮೂರು ಮಿ.ಮೀ., ಕಂಬಿ ಆರು. ಹಾಗೇ ಇಟ್ಟರೆ ಮೇಲಿನ ಬ್ಲಾಕು ಕಂಬಿಯ ಮೇಲೆ ತೂಗಾಡುತ್ತದೆ, ಅಡಿಯಲ್ಲಿ ಟೊಳ್ಳು. ಎರಡು ದಾರಿಗಳಿವೆ. ಎಲ್ ಆಕಾರದ ತೆಳು ಜಿಐ (ಸತು ಲೇಪಿತ ಕಬ್ಬಿಣ) ಪಟ್ಟಿಯನ್ನು ಪಿಲ್ಲರಿಗೆ ಬೋಲ್ಟ್ ಮಾಡಿ ಜಾಯಿಂಟಿನಲ್ಲಿ ಮಲಗಿಸುವುದು, ಅಥವಾ ಬ್ಲಾಕಿನ ತಲೆಯಲ್ಲಿ ಗಾಡಿ, ಅಂದರೆ ಸಣ್ಣ ತೋಡು, ಕೊರೆದು ಕಂಬಿಯನ್ನು ಅದರೊಳಗೆ ಇಳಿಸಿ ಅಂಟುಗಾರೆ ತುಂಬುವುದು. ಎರಡು ವರಸೆಗೊಂದು ಇರಲಿ. ಪಿಲ್ಲರಿನ ನುಣುಪು ಮೈಯನ್ನು ಮೊದಲೇ ಕಚ್ಚು ಹಾಕಿ ಒರಟಾಗಿಸಿ.

ಕಿಟಕಿಯ ಕೆಳಗೆ ಸಿಲ್ ಪಟ್ಟಿ, ಮೇಲೆ ಲಿಂಟಲ್ ಪಟ್ಟಿ. ಸಿಲ್ ಪಟ್ಟಿಗೆ ಎಂಟು ಮಿ.ಮೀ. ಕಂಬಿ ಎರಡು, ಆರಿಂಚಿಗೊಂದು ಆರು ಮಿ.ಮೀ. ಕೊಕ್ಕೆ, ಎಂ20 ದರ್ಜೆಯ ಕಾಂಕ್ರೀಟ್. ಲಿಂಟಲಿನ ಕಂಬಿ ಕಿಟಕಿಯ ಅಗಲ ನೋಡಿ ಎಂಜಿನಿಯರ್ ಹೇಳಿದಷ್ಟು. ಪಟ್ಟಿಯನ್ನು ಗೋಡೆಯುದ್ದಕ್ಕೂ ಓಡಿಸುವುದು ಉತ್ತಮ. ಖರ್ಚು ಉಳಿಸಲೇಬೇಕಾದರೆ ಕಿಟಕಿಯ ಎರಡೂ ಬದಿಗೆ ಒಂದಡಿಯಾದರೂ ದಾಟಿಸಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕನ್ನು ಎಷ್ಟೋ ಮನೆಗಳಲ್ಲಿ ನೋಡಿರುತ್ತೀರಿ. ಗೋಡೆ ಕುಗ್ಗುವಾಗ ಎಳೆತವೆಲ್ಲ ಆ ಮೂಲೆಯಲ್ಲಿ ಸೇರುತ್ತದೆ, ಅದನ್ನು ಹಿಡಿಯುವುದು ಈ ಕಂಬಿಗಳೇ. ಗೋಡೆ 4 ಮೀಟರಿಗಿಂತ ಉದ್ದವಿದ್ದರೆ ನಡುವೆ ಒಂದು ಸಣ್ಣ ಆರ್‌ಸಿಸಿ ಕಂಬ ಕೊಡಿ. ನಾಲ್ಕಿಂಚಿನ ಗೋಡೆಯಾದರೆ 3 ಮೀಟರಿಗೇ ಕೊಡಿ.

ಬೀಮಿನ ಕೆಳಗಿನ ಆ 19 ಮಿ.ಮೀ. ಸಂದನ್ನು ಕಟ್ಟಿದ ದಿನವೇ ಗಾರೆಯಿಂದ ಬಿಗಿಯಾಗಿ ತುಂಬಬಾರದು. ಮೇಲಿನ ಅಂತಸ್ತಿನ ಭಾರ ಬಿದ್ದಾಗ ಬೀಮು ತುಸು ಬಾಗುತ್ತದೆ, ಬಿಸಿಲಿಗೆ ಹಿಗ್ಗಿ ಕುಗ್ಗುತ್ತದೆ. ಆ ಒತ್ತಡ ಮೃದುವಾದ ಬ್ಲಾಕಿನ ಮೇಲೆ ಬೀಳಬಾರದು. ಮೇಲಿನ ಕಟ್ಟಡ ಮುಗಿದು ಕನಿಷ್ಠ ಎರಡು ವಾರದ ಮೇಲೆ ಪಿಯು ಫೋಮ್ (ಉಬ್ಬಿ ಸಂದು ತುಂಬುವ ಪಾಲಿಯುರೆಥೇನ್ ನೊರೆ) ತುಂಬಿ, ಹೊರಬಂದದ್ದನ್ನು ಕತ್ತರಿಸಿ.

ವೈರಿಂಗ್, ಪ್ಲಂಬಿಂಗ್

ಗೋಡೆ ಕಟ್ಟಿ ವಾರ ಕಳೆಯದೆ ಎಲೆಕ್ಟ್ರಿಷಿಯನ್ನರನ್ನು ಒಳಗೆ ಬಿಡಬೇಡಿ. ಉಳಿ-ಸುತ್ತಿಗೆ ಪೂರ್ತಿ ನಿಷೇಧ, ಒಂದೊಂದು ಏಟಿಗೂ ತೆಳು ಜಾಯಿಂಟು ಬಿಡುತ್ತದೆ. ಕಟಿಂಗ್ ಮಷೀನಿನಲ್ಲಿ ಎರಡು ಗೆರೆ ಕೊಯ್ದು ನಡುವಿನದನ್ನು ಕೆರೆದು ತೆಗೆಯಬೇಕು. ಆಳ ಗೋಡೆಯ ದಪ್ಪದ ಮೂರನೇ ಒಂದು ಪಾಲು ದಾಟಬಾರದು. ನಾಲ್ಕಿಂಚಿನ ಗೋಡೆಯಲ್ಲಿ ಅಡ್ಡಡ್ಡ ಕೊಯ್ಯಲೇಬಾರದು, ಪೈಪು ಮೇಲಿನಿಂದ ನೇರ ಇಳಿಯಲಿ. ಗಾಡಿ ತುಂಬಿದ ಮೇಲೆ ಎರಡೂ ಬದಿಗೆ ನಾಲ್ಕಿಂಚು ದಾಟುವಂತೆ ಫೈಬರ್ ಮೆಶ್ ಅಂಟಿಸಿ. ಪ್ಲಾಸ್ಟರಿಗೆ ಮುಂಚೆ ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೋ ತೆಗೆದಿಡಿ.

ಗೀಸರ್, ಅಡುಗೆಮನೆಯ ಮೇಲಿನ ಕಪಾಟು, ಎಸಿ ಔಟ್‌ಡೋರ್ ಯೂನಿಟ್ ಎಲ್ಲಿ ಬರುತ್ತವೆಂದು ಕಟ್ಟುವಾಗಲೇ ಗುರುತು ಮಾಡಿ, ಆ ಜಾಗದಲ್ಲಿ ಸಾಲಿಡ್ ಬ್ಲಾಕು ಕೂರಿಸಿ. ನೀರು ತುಂಬಿದ 25 ಲೀಟರ್ ಗೀಸರ್ 40 ಕೆಜಿಯ ಆಸುಪಾಸು ತೂಗುತ್ತದೆ, ಮಾಮೂಲಿ ರಾವಲ್ ಪ್ಲಗ್ಗಿಗೆ ಎಎಸಿಯಲ್ಲಿ ಅದನ್ನು ಹಿಡಿಯುವ ಕಸುವಿಲ್ಲ. ಬಾಗಿಲ ಚೌಕಟ್ಟಿಗೂ ಹೀಗೆಯೇ: ಚೌಕಟ್ಟನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿ (ಹೋಲ್ಡ್‌ಫಾಸ್ಟ್) ಬರುವಲ್ಲಿ ಪ್ರತಿ ಬದಿಗೆ ಮೂರು ಕಾಂಕ್ರೀಟ್ ತುಂಡು.

ಪ್ಲಾಸ್ಟರ್

ಗೋಡೆ ಎರಡು-ಮೂರು ವಾರ ಒಣಗಲಿ. ಗಾರೆ ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಎಂದು 1:3, 1:4 ಕಲಸುವುದು ಇಲ್ಲಿ ದೊಡ್ಡ ತಪ್ಪು. ಸಿಮೆಂಟು ಹೆಚ್ಚಾದ ಗಾರೆ ಬ್ಲಾಕಿಗಿಂತ ಬಲವಾಗಿ ಕುಗ್ಗುತ್ತದೆ, ಬ್ಲಾಕಿನ ಮೇಲ್ಪದರವನ್ನೇ ಕಿತ್ತುಕೊಂಡು ಏಳುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಡಬ್ ಡಬ್ ಎನ್ನುವುದು ಅದಕ್ಕೇ. 1:6 ಸಾಕು, ಪ್ಲಾಸ್ಟರಿಂಗ್ ಎಂ-ಸ್ಯಾಂಡ್ ಜರಡಿ ಹಿಡಿದು ಬಳಸಿ. ಒಳಗೆ 10ರಿಂದ 12 ಮಿ.ಮೀ., ಹೊರಗೆ ಎರಡು ಕೋಟಿನಲ್ಲಿ 15ರಿಂದ 18. ಜಿಪ್ಸಮ್ ಪ್ಲಾಸ್ಟರ್ ಒಳಗೋಡೆಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಬಚ್ಚಲು ಮತ್ತು ಹೊರಗೋಡೆಗೆ ಅಲ್ಲ.

ಹಿಂದಿನ ಸಂಜೆ ಗೋಡೆಗೆ ನೀರು ಚಿಮುಕಿಸಿ, ಬೆಳಿಗ್ಗೆ ಗಾರೆ ಹಚ್ಚುವ ಮುಂಚೆ ಇನ್ನೊಮ್ಮೆ ಹಗುರವಾಗಿ. ಮೈ ತೇವವಾಗಿರಬೇಕು, ನೀರು ಮಿನುಗಬಾರದು. ಪೂರ್ತಿ ಒಣಗಿದ್ದರೆ ಬ್ಲಾಕು ಗಾರೆಯ ನೀರನ್ನು ಹೀರಿ ಅದನ್ನು ಅಲ್ಲೇ ಸಾಯಿಸುತ್ತದೆ. ಬೀಮು, ಪಿಲ್ಲರ್ ಬ್ಲಾಕಿಗೆ ಸೇರುವ ಪ್ರತಿ ಗೆರೆಯ ಮೇಲೂ ಒಂದಡಿ ಅಗಲದ ಚಿಕನ್ ಮೆಶ್ ಬೇಕು, ಆ ಕಡೆ ಆರಿಂಚು, ಈ ಕಡೆ ಆರಿಂಚು. ಮೆಶ್ಶನ್ನು ಗೋಡೆಗೆ ಒತ್ತಿ ಮೊಳೆ ಹೊಡೆದರೆ ಗಾರೆ ಅದರ ಹಿಂದೆ ಹೋಗುವುದಿಲ್ಲ, ತುಸು ಎದ್ದು ನಿಂತಿರಲಿ. ಏಳು ದಿನ ಕ್ಯೂರಿಂಗ್, ದಿನಕ್ಕೆ ಮೂರು ಬಾರಿ ಸಿಂಪಡಿಸುವ ಹಾಗೆ.

ಕರಾವಳಿ, ಮಲೆನಾಡಿನವರು ಇನ್ನೊಮ್ಮೆ ಯೋಚಿಸಬೇಕು. ಅಲ್ಲಿನ ಎದುರು ಮಳೆಗೆ ಬರೀ ಪ್ಲಾಸ್ಟರ್ ಸಾಲದು. ಹೊರ ಪ್ಲಾಸ್ಟರಿಗೆ ವಾಟರ್‌ಪ್ರೂಫ್ ದ್ರಾವಣ, ಎರಡಡಿ ಸಜ್ಜ, ಸಜ್ಜದ ಅಡಿಯಲ್ಲಿ ನೀರು ಒಳಸರಿಯದಂತೆ ಒಂದು ಗಾಡಿಗೆರೆ, ಮೇಲೆ ಬಿರುಕು ಮುಚ್ಚುವ ಎಲಾಸ್ಟೊಮೆರಿಕ್ ಪೇಂಟ್. ಇಷ್ಟೆಲ್ಲ ಮಾಡಲಾಗದಿದ್ದರೆ ಆ ಊರಿಗೆ ಕೆಂಪುಕಲ್ಲೇ ವಾಸಿ.

ತಾರಸಿ

ಸ್ಲ್ಯಾಬಿನ ಮೇಲೆ ಮೊದಲು ವಾಟರ್‌ಪ್ರೂಫಿಂಗ್ ಮಾಡಿ, 48 ಗಂಟೆ ನೀರು ನಿಲ್ಲಿಸಿ ಸೋರಿಕೆ ಪರೀಕ್ಷಿಸಿ. ಆಮೇಲೆ 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಪಾಲಿಸ್ಟೈರೀನ್ ಫೋಮ್) ಹಲಗೆ, ಸಂದುಗಳಿಗೆ ಟೇಪು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೆ ಮೆಶ್ ಹಾಕಿದ ಎರಡಿಂಚಿನ ಕಾಂಕ್ರೀಟ್. ನೂರಕ್ಕೆ ಒಂದರಷ್ಟು ಇಳಿಜಾರು ಕೊಟ್ಟು ಬಿಳಿ ಟೈಲ್ ಚೂರು ಅಥವಾ ಕೂಲ್ ರೂಫ್ ಟೈಲ್ ಹಾಸಿ. ಥರ್ಮೋಕೋಲ್ ಅಗ್ಗವೆಂದು ಅದನ್ನು ಹಾಸಬೇಡಿ, ಓಡಾಟದ ಭಾರಕ್ಕೆ ಅಮುಕಿ ಮೇಲಿನ ಕಾಂಕ್ರೀಟ್ ಒಡೆಯುತ್ತದೆ. ಈ ಪದರಗಳ ಭಾರವನ್ನೂ ಎಂಜಿನಿಯರಿಗೆ ಮೊದಲೇ ತಿಳಿಸಿರಬೇಕು.

ಮೊದಲ ವರ್ಷ

ಪೇಂಟಿಗೆ ಪ್ಲಾಸ್ಟರಾದ ಮೇಲೆ 28 ದಿನ ಕಾಯಿರಿ. ಇಷ್ಟೆಲ್ಲ ಮಾಡಿದರೂ ಮೊದಲ ಬೇಸಿಗೆಯಲ್ಲಿ ಕೂದಲೆಳೆಯಂಥ ಒಂದೆರಡು ಬಿರುಕು ಬರಬಹುದು, ಹೆಚ್ಚಾಗಿ ಬೀಮಿನ ಗೆರೆಯಲ್ಲಿ. ಕಂಡ ಕೂಡಲೇ ಪುಟ್ಟಿ ಮೆತ್ತಬೇಡಿ. ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆಯಿರಿ. ಮಳೆಗಾಲ ಕಳೆದು ಚಳಿ ಬಂದಾಗ ನೋಡಿ. ಗುರುತು ದಾಟಿರದಿದ್ದರೆ ಬಿರುಕನ್ನು ವಿ ಆಕಾರಕ್ಕೆ ಬಿಡಿಸಿ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿ, ಫೈಬರ್ ಟೇಪ್ ಹಚ್ಚಿ ಪೇಂಟ್ ಮಾಡಿ. ಗುರುತು ದಾಟಿ ಬೆಳೆದಿದ್ದರೆ, ಅಥವಾ ಐದು ರೂಪಾಯಿ ನಾಣ್ಯದ ಅಂಚು ಒಳಗೆ ಹೋಗುವಷ್ಟು ಅಗಲವಾಗಿದ್ದರೆ ಪೇಂಟರನ್ನಲ್ಲ, ಎಂಜಿನಿಯರನ್ನು ಕರೆಸಿ.